ಮೂರನೇ ಕಲ್ಲು

ಅಳಬೇಡ ಕಣೇ ತಂಗಿ. ಇಲ್ಲಿ ಅತ್ತರೆ ಕಣ್ಣೀರು ನೆಲ ಮುಟ್ಟೋ ಮೊದಲೇ ಆರಿಹೋಗುತ್ತೆ, ಅಷ್ಟು ಕಾವು. ಗೋಡೆಗೆ ಕಿವಿ ಕೊಡು. ನಾನು ಈ ಕಡೆ ಮನೆಯ ಹೊರುವವಳು. ನೀನು ಆ ಕಡೆ ಮನೆಯ ಹೊಸ ಹೊರುವವಳು. ನಿನ್ನೆ ನಿಮ್ಮ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದೆ, ಬಾಗಿಲು ಮುಚ್ಚಿ ಅಗುಳಿ ಹಾಕಿದ್ದೂ ಕೇಳಿದೆ. ಮೊದಲ ಒಂಬತ್ತು ದಿನ ಹೊರುವವಳು ಬಾಯಿ ಬಿಡಬಾರದು ಅಂತ ಹೇಳಿ ಕಳಿಸಿರ್ತಾರೆ. ಇರಲಿ, ಬಿಡಬೇಡ. ನನ್ನ ಬಾಯಿ ಮುಚ್ಚಿಸೋಕೆ ಹೋದವರೆಲ್ಲ ಸೋತು ಸುಣ್ಣವಾಗಿದ್ದಾರೆ. ನಾನು ಹೇಳ್ತೀನಿ, ನೀನು ಸುಮ್ಮನೆ ಕೇಳು.

ಈ ಊರಿಂದ ಆಚೆ ಹೋಗೋ ದಾರಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದವರನ್ನ ನೋಡಿಲ್ಲ. ಇರೋದು ಎರಡು ಕೇರಿ, ಬೆಂಕಿಕೇರಿ ಮತ್ತು ಪದರಕೇರಿ. ಊರ ಕಟ್ಟಳೆ ಒಂದೇ ಮಾತು: ಕಲ್ಲು ಎರಡೇ. ಬೆಂಕಿಯಲ್ಲಿ ಹುಟ್ಟಿದ್ದು ಒಂದು, ಪದರದಲ್ಲಿ ಹುಟ್ಟಿದ್ದು ಒಂದು. ಮಗು ಹುಟ್ಟಿದರೆ ಸೂಲಗಿತ್ತಿ ಗಂಡೋ ಹೆಣ್ಣೋ ಅಂತ ಹೇಳೋ ಮೊದಲು ಬೆಂಕಿಯೋ ಪದರವೋ ಅಂತ ಹೇಳ್ತಾಳೆ. ಸತ್ತರೂ ಅಷ್ಟೇ, ಹೆಣದ ಮುಂದೆ ಹೋಗೋನು ಅದನ್ನೇ ಕೂಗ್ತಾ ಹೋಗ್ತಾನೆ. ಹುಟ್ಟಿಗೂ ಸಾವಿಗೂ ನಡುವೆ ಯಾರಾದರೂ ಬೇರೆ ಏನಾದರೂ ಆದರೆ ಅಂತ ಕೇಳಿದವರಿಲ್ಲ.

ನಾನು ಬೆಂಕಿಕೇರಿಯವಳು. ನಮ್ಮ ಕೇರಿಯ ಹಿಂದೆ ಒಂದು ಕರಿಗುಡ್ಡ. ಹಿಂದೆ ಯಾವಾಗಲೋ ಅದರ ಹೊಟ್ಟೆಯೊಳಗಿನ ಕಲ್ಲೆಲ್ಲ ಕರಗಿ, ಅನ್ನದ ಮಡಕೆ ಉಕ್ಕಿದ ಹಾಗೆ ಉಕ್ಕಿತಂತೆ. ಹೊರಗೆ ಚೆಲ್ಲಿದ್ದು ಗಾಳಿಗೆ ಬೇಗ ಆರಿ ಕರ್ರಗೆ, ಹರಳೇ ಕಾಣದ ಹಾಗೆ ನುಣ್ಣಗೆ ಗಟ್ಟಿಯಾಯ್ತು. ಹೊಟ್ಟೆಯೊಳಗೇ ಉಳಿದದ್ದಕ್ಕೆ ಆರೋಕೆ ಯುಗಗಟ್ಟಲೆ ಹಿಡೀತು. ಅದಕ್ಕೇ ಅದರ ತುಂಬ ದಪ್ಪ ದಪ್ಪ ಹರಳು, ಬಿಳೀದು, ಕೆಂಪನೇದು, ಕಪ್ಪನೇದು. ನಮ್ಮ ಕೇರಿ ಜನವೂ ಈ ಎರಡೇ ಥರ. ನಮ್ಮಪ್ಪ ಬೇಗ ಆರಿದವನು. ಸಿಟ್ಟು ಬಂದದ್ದೂ ಹೋದದ್ದೂ ತಿಳೀತಿರಲಿಲ್ಲ, ಒಳಗೆ ಏನಿದೆ ಅಂತಲೂ ತಿಳೀತಿರಲಿಲ್ಲ. ನಮ್ಮವ್ವ ನಿಧಾನ ಆರಿದವಳು. ಒಂದು ಮಾತನ್ನ ಮೂರು ವರ್ಷ ಒಳಗೇ ಇಟ್ಟುಕೊಂಡು, ಆಮೇಲೆ ಒಂದು ದಿನ ಸೊಪ್ಪು ಸೋಸ್ತಾ ಸೋಸ್ತಾ ಹೇಳೋಳು, ಎದುರಿಗಿದ್ದವರು ಎದ್ದು ಹೋಗಬೇಕು ಹಾಗೆ. ನಾನು ಅವಳ ಮಗಳು. ನನ್ನದು ಇನ್ನೂ ಆರಿಲ್ಲ.

ಪದರಕೇರಿಯವರಿಗೆ ಉಕ್ಕೋದು ಅಂದರೆ ಅಸಹ್ಯ. ಅವರದು ಕೂರಿಸೋ ಕೆಲಸ. ವರ್ಷಕ್ಕೊಂದು ಪದರದ ದಿನ. ಕೆರೆಯ ಗೋಡು, ಹೊಳೆಯ ಮರಳು, ಚಿಪ್ಪು, ಮೂಳೆ, ಒಣಗಿದ ಎಲೆ, ಆ ವರ್ಷ ಮನೇಲಿ ಏನೇನು ಒಡೆದು ಪುಡಿಯಾಯ್ತೋ ಅದು, ಎಲ್ಲವನ್ನೂ ತಂದು ನೆಲಕ್ಕೆ ಹರಡ್ತಾರೆ. ಸುಣ್ಣದ ನೀರು ಚಿಮುಕಿಸ್ತಾರೆ. ಮನೆಮಂದಿಯೆಲ್ಲ ಸಾಲಾಗಿ ನಿಂತು ತುಳೀತಾರೆ. ತುಳೀತಾ ಹೇಳ್ತಾರೆ, 'ಕೂತದ್ದು ಕೂತಿರಲಿ, ಮೇಲಿನದು ಮೇಲಿರಲಿ.' ಪದರದ ಮೇಲೆ ಪದರ ಬಿದ್ದು, ಭಾರಕ್ಕೆ ಅಡಿಯದು ಗಟ್ಟಿಯಾಗಿ ಕಲ್ಲಾಗುತ್ತೆ. ಅದರ ಮೇಲೆ ಹೊಸ ಅಂತಸ್ತು ಎಬ್ಬಿಸ್ತಾರೆ, ಅಡಿಯ ಅಂತಸ್ತು ಮಣ್ಣಿಗಿಳಿಯುತ್ತೆ. ನಮ್ಮ ಮನೆ ಬೆಳೀತಿದೆ ಅಂತ ಅವರು ಜಂಬ ಕೊಚ್ಚಿಕೊಳ್ತಾರೆ. ಕೆಳಗೆ ಕೂತವಳನ್ನ ಕೇಳು, ಮುಳುಗ್ತಿದೆ ಅಂತಾಳೆ.

ಇಷ್ಟು ಭಾರ ಯಾರ ತಲೆ ಮೇಲೆ? ನಮ್ಮ ತಲೆ ಮೇಲೆ. ಪ್ರತಿ ಮನೆಗೂ ತಳದಲ್ಲಿ ಒಂದು ಕೆಳಕೋಣೆ, ಕೋಣೆಯ ನಡುವೆ ಒಂದು ಕಂಬ. ಕಂಬದ ಬುಡಕ್ಕೆ ಮನೆಯ ಗುರುತುಗಲ್ಲನ್ನ ಆನಿಸಿ, ಅದನ್ನ ಅಂಗೈಯಿಂದ ಒತ್ತಿ ಹಿಡಿದು ಒಬ್ಬಳು ಕೂರಬೇಕು. ಉಣ್ಣೋವಾಗ ಒಂದು ಕೈ ತೆಗೀಬಹುದು. ಎರಡೂ ತೆಗೆದರೆ ಮನೆ ಬೀಳುತ್ತೆ. ಬೆಳಗ್ಗೆ ಮೇಲಿಂದ ಬುಟ್ಟಿ ಇಳಿಸ್ತಾ ಕೂಗ್ತಾರೆ, 'ಹೊತ್ತಿದ್ದೀಯಾ?' ಮೊದಲ ಒಂಬತ್ತು ದಿನ ಕಳೆದಮೇಲೆ ನಾವು ಹೇಳಬೇಕು, 'ಹೊತ್ತಿದ್ದೀನಿ.' ಅಷ್ಟು ಹೇಳಿದರೆ ರೊಟ್ಟಿ. ಹನ್ನೆರಡು ವರ್ಷ ಹೀಗೆ. ಇದಕ್ಕೆಂದೇ ಅವರು ಬೆಂಕಿಕೇರಿಯಿಂದ ಹೆಣ್ಣು ತರೋದು. ಗಟ್ಟಿ ಜಾತಿ, ತಾಳ್ತಾಳೆ ಅಂತ ಹೊಗಳಿ ಹೊಗಳಿ ತರ್ತಾರೆ.

ನನ್ನನ್ನ ಇಳಿಸಿದಾಗ ನನ್ನ ಮಗಳಿಗೆ ಒಂದು ವರ್ಷ. ಮೊಲೆ ಬಾಯಲ್ಲಿದ್ದ ಹಾಗೇ ಬಿಡಿಸಿಕೊಂಡರು. ಹಾಲು ಬತ್ತೋಕೆ ಒಂಬತ್ತು ದಿನ ಹಿಡೀತು. ಸೀರೆ ನೆನೆದು ನೆನೆದು ಕಾವಿಗೆ ಅಲ್ಲೇ ಒಣಗಿ ಅಟ್ಟೆಯಾಯ್ತು. ನಿನಗೆ ಒಂಬತ್ತು ದಿನ ಮಾತಾಡಬೇಡ ಅಂತ ಯಾಕೆ ಹೇಳಿದ್ದಾರೆ ಅಂದುಕೊಂಡೆ? ಅಷ್ಟು ದಿನ ನಾವು ಏನು ಹೇಳ್ತೀವಿ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಗುರುತುಗಲ್ಲು ನೋಡಿದ್ದೀಯಲ್ಲ. ಬೂದುಬಣ್ಣದ ಸುಣ್ಣಕಲ್ಲು, ಮನೆಯ ಮೊಟ್ಟಮೊದಲ ಪದರದಿಂದ ಕಿತ್ತದ್ದು. ನಮ್ಮ ಮನೆಯದರಲ್ಲಿ ಒಂದು ಶಂಖದ ಹುಳು ಕಲ್ಲಾಗಿ ಕೂತಿತ್ತು. ಅದೇ ಮನೆತನದ ಗುರುತು. ಹನ್ನೆರಡು ವರ್ಷ ತುಂಬಿದ ದಿನ ಆ ಕಲ್ಲನ್ನ ಮೇಲೆ ತರಬೇಕು. ಕಲ್ಲು ಹೇಳುವವನು ಅಂತ ಊರಿಗೊಬ್ಬ ಇದ್ದಾನೆ, ಕಲ್ಲು ನೋಡಿ ತೀರ್ಪು ಹೇಳೋದು ಅವನ ಕೆಲಸ. ಅವನು ಶಂಖ ಕಂಡು 'ಇದೇ' ಅಂದರೆ ಹೊರುವವಳು ಬಿಡುಗಡೆ. ಕಲ್ಲನ್ನ ಮುಂದಿನವಳ ಕೈಗಿಟ್ಟು ಅವಳನ್ನ ಇಳಿಸ್ತಾರೆ, ಆ ಒಂದು ಗಳಿಗೆ ಮನೆ ತಾಳುತ್ತೆ ಅಂತ ನಂಬಿಕೆ.

ನಾನು ಕತ್ತಲಲ್ಲಿ ಬೆರಳಿಂದ ಆ ಶಂಖದ ಸುಳಿ ಸುತ್ತಿ ಸುತ್ತಿ ಹೊತ್ತು ಕಳೀತಿದ್ದೆ. ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಒಂದೊಂದು ಸುತ್ತಿಗೂ ಮಗಳಿಗೆ ಈಗ ಎಷ್ಟು ಹಲ್ಲು ಬಂದಿರಬಹುದು, ಈಗ ಜಡೆ ಎಷ್ಟುದ್ದ ಅಂತ ಲೆಕ್ಕ. ಏಳನೇ ವರ್ಷಕ್ಕೆ ಸುಳಿ ಮಂಕಾಯ್ತು. ಒಂಬತ್ತನೇ ವರ್ಷಕ್ಕೆ ಬೆರಳಿಗೆ ಸಿಗಲೇ ಇಲ್ಲ. ನನ್ನ ಬೆರಳೇ ಮರಗಟ್ಟಿದೆ ಅಂದುಕೊಂಡೆ. ಹೌದು, ಬೆರಳೂ ಸವೆದಿತ್ತು. ಆದರೆ ಸವೆದದ್ದು ಬೆರಳಷ್ಟೇ ಅಲ್ಲ. ನಮ್ಮದು ಹನ್ನೊಂದು ಅಂತಸ್ತಿನ ಮನೆ, ಊರಲ್ಲೇ ಎತ್ತರದ್ದು. ಅಷ್ಟು ಭಾರ ಹಿಂದೆ ಯಾವ ಹೊರುವವಳ ಮೇಲೂ ಇರಲಿಲ್ಲ, ಅಷ್ಟು ಆಳದ ಕಾವೂ ಇರಲಿಲ್ಲ. ಮೇಲಿಂದ ಭಾರ, ಅಡಿಯಿಂದ ಕಾವು. ನಡುವೆ ನಾನು ಮತ್ತೆ ಆ ಕಲ್ಲು.

ಹನ್ನೆರಡು ವರ್ಷ ತುಂಬಿತು. ಮಟಮಟ ಮಧ್ಯಾಹ್ನ ಬಾಗಿಲು ತೆಗೆದರು. ಬೆಳಕಿಗೆ ಕಣ್ಣು ಬಿಡೋಕೆ ಆಗಲಿಲ್ಲ. ಕಲ್ಲನ್ನ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದೆ. ಅಂಗಳದಲ್ಲಿ ಮಾವ, ಅತ್ತೆ, ನನ್ನ ಗಂಡ, ನನ್ನ ಜಾಗಕ್ಕೆ ಇಳಿಯೋಕೆ ಅರಿಶಿನ ಹಚ್ಚಿಕೊಂಡು ನಿಂತ ಮೈದುನನ ಹೊಸ ಹೆಂಡತಿ. ಗಂಡನ ಬೆನ್ನ ಹಿಂದೆ ಹದಿಮೂರು ವರ್ಷದ ಒಂದು ಹುಡುಗಿ. ಅವಳನ್ನ ನೋಡ್ತಾ ನೋಡ್ತಾ ನಾನು ಕಲ್ಲನ್ನ ಕೆಳಗಿಟ್ಟೆ. ಎಲ್ಲರೂ ಅಬ್ಬಾ ಅಂದರು. ನನ್ನನ್ನ ನೋಡಿ ಅಂದುಕೊಂಡೆ, ಅಲ್ಲ, ಕಲ್ಲನ್ನ ನೋಡಿ.

ಕಲ್ಲು ಬೆಳ್ಳಗಿತ್ತು ಕಣೇ! ಹಾಲು ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ. ಶಂಖ ಇಲ್ಲ, ಪದರ ಇಲ್ಲ, ಬೂದುಬಣ್ಣ ಇಲ್ಲ. ಮೈತುಂಬ ಸಕ್ಕರೆಯಂಥ ಸಣ್ಣ ಹರಳು ಮಿನುಗ್ತಿತ್ತು. ಅಷ್ಟು ಚೆಂದದ ವಸ್ತು ಈ ಊರಲ್ಲಿ ನಾನು ಕಂಡಿರಲಿಲ್ಲ. ಹನ್ನೆರಡು ವರ್ಷ ಕೈಯಲ್ಲೇ ಇದ್ದದ್ದನ್ನ ನಾನೂ ಅವತ್ತೇ ಕಂಡದ್ದು.

ಕಲ್ಲು ಹೇಳುವವನು ಬಗ್ಗಿ ನೋಡಿದ. "ಹರಳು ಕಟ್ಟಿದೆ. ಹರಳು ಕಟ್ಟೋದು ಬೆಂಕಿಕಲ್ಲು. ಇದು ಈ ಮನೆಯದಲ್ಲ, ಇವಳ ತವರಿನದು" ಅಂದ.

ಮಾವ ಹಾರಿಬಿದ್ದರು. "ನಮ್ಮ ಗುರುತುಗಲ್ಲು ಎಲ್ಲಿ ಎಸೆದೆ? ಹೇಳು, ಎಲ್ಲಿ ಎಸೆದೆ?"

"ಎಲ್ಲಿ ಎಸೀಲಿ ಮಾವ? ಅಗುಳಿ ನಿಮ್ಮ ಕಡೆ ಇತ್ತಲ್ಲ!" ಅಂದೆ.

ಉತ್ತರ ಇಲ್ಲದಾಗ ಜನ ಇನ್ನೂ ಜೋರಾಗಿ ಕೂಗ್ತಾರೆ. ಅವತ್ತು ಸಂಜೆವರೆಗೂ ಕೂಗಿದರು. ಕದ್ದವಳು ಅಂದರು, ಮನೆಮುರುಕಿ ಅಂದರು. ನನ್ನನ್ನ ಅಂಗಳದ ಕಟ್ಟೆಗೆ ಕೂರಿಸಿ ಸುತ್ತ ಗೆರೆ ಎಳೆದರು, ದಾಟಬಾರದು ಅಂತ. ಗುರುತುಗಲ್ಲಿಲ್ಲದೆ ಮುಂದಿನವಳನ್ನ ಇಳಿಸೋ ಹಾಗಿಲ್ಲ, ಹಾಗಾಗಿ ಆ ಹೊಸ ಹುಡುಗಿಯ ಮುಖದ ಅರಿಶಿನ ಅಲ್ಲೇ ಒಣಗಿ ಉದುರಿತು.

ಎರಡನೇ ದಿನ ಕಲ್ಲು ಹೇಳುವವನು ನಿಂಬೆಹಣ್ಣು ತಂದ. ಅವನ ಕಸುಬಿನ ಪರೀಕ್ಷೆ ಅದು. ಕಲ್ಲನ್ನ ಉಳಿಯಿಂದ ಕೆರೆದು ಪುಡಿಯ ಮೇಲೆ ಹುಳಿ ಹಿಂಡಿದರೆ ಬೆಂಕಿಕಲ್ಲು ಸುಮ್ಮನಿರುತ್ತೆ, ಸುಣ್ಣಕಲ್ಲು ನೊರೆ ಕಾರುತ್ತೆ. ಹಿಂಡಿದ. ಬುಸ್ಸಂತ ನೊರೆ ಬಂತು. ಮತ್ತೆ ಕೆರೆದು ಹಿಂಡಿದ. ಮತ್ತೆ ನೊರೆ. ಅವನ ಮುಖ ನೋಡಬೇಕಿತ್ತು ನೀನು, ಉಗುಳೋಕೂ ಆಗದು, ನುಂಗೋಕೂ ಆಗದು. ನೋಡೋಕೆ ಬೆಂಕಿಕಲ್ಲಿನ ಹಾಗೆ ಹರಳು, ಹುಳಿಗೆ ಪದರಕಲ್ಲಿನ ಹಾಗೆ ನೊರೆ. "ನಾಳೆ ಹೇಳ್ತೀನಿ" ಅಂತ ನಿಂಬೆಹಣ್ಣಿನ ಸಿಪ್ಪೆ ಹಿಡಿದುಕೊಂಡೇ ಹೋದ.

ಆಗ ನನಗೆ ಹೊಳೀತು. ಇದು ಬೇರೆ ಕಲ್ಲಲ್ಲ. ಅದೇ ಕಲ್ಲು. ಕರಗಲಿಲ್ಲ, ಕರಗಿದ್ದರೆ ಬೆಂಕಿಕಲ್ಲಾಗ್ತಿತ್ತು. ಕರಗದೆ, ಕೂತಲ್ಲೇ ಕೂತು, ಭಾರಕ್ಕೂ ಕಾವಿಗೂ ಒಳಗೊಳಗೇ ಕಣಕಣವೂ ಜಾಗ ಬದಲಿಸಿಕೊಂಡು, ಪೂರ್ತಿ ಬೇರೆಯಾಗಿದೆ. ಶಂಖ ಎಲ್ಲೂ ಹೋಗಿಲ್ಲ, ಆ ಬಿಳುಪೇ ಶಂಖ. ಕೂಗಿ ಹೇಳಬೇಕು ಅನ್ನಿಸಿತು. ಯಾರಿಗೆ ಹೇಳೋದು?

ಅತ್ತೆ ನೀರು ಕೊಡೋ ನೆಪದಲ್ಲಿ ಬಂದರು. ನನಗೂ ಮುಂಚೆ ಹನ್ನೆರಡು ವರ್ಷ ಹೊತ್ತವರು ಅವರೇ. ಚೊಂಬು ಇಡ್ತಾ ಪಿಸುಗುಟ್ಟಿದರು, "ನನ್ನ ಕಾಲದಲ್ಲೇ ಶಂಖ ಅರ್ಧ ಅಳಿಸಿತ್ತು ಕಣಮ್ಮ. ಉಗುರಿಂದ ಗೀರಿ ಗೀರಿ ತಿದ್ದಿ ತೋರಿಸಿದೆ."

"ಯಾಕತ್ತೆ ಹೇಳಲಿಲ್ಲ?"

"ಹೇಳಿದ್ದರೆ ಮೇಲೆ ಬಿಡ್ತಿದ್ದರಾ?" ಅಂದು ಸೆರಗಲ್ಲಿ ಮುಖ ಮುಚ್ಚಿಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅವರ ಹಿಂದೆಯೇ ನನ್ನ ಮಗಳು ಬಂದಳು. ಗೆರೆಯಾಚೆ ಕುಕ್ಕರಗಾಲಲ್ಲಿ ಕೂತು ನನ್ನನ್ನೇ ನೋಡಿದಳು. "ಕೈ ತೋರಿಸು" ಅಂದಳು. ತೋರಿಸಿದೆ. ಅಂಗೈ ಸವರಿದಳು. ನನ್ನ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ, ತಟ್ಟೆಯ ಹಾಗೆ ನುಣುಪು. "ನೋಯುತ್ತಾ ಅವ್ವ?" ಅಂದಳು. ನನ್ನ ಜೀವಮಾನದಲ್ಲಿ ನನ್ನನ್ನ ಅವ್ವ ಅಂತ ಕರೆದದ್ದು ಅದೇ ಮೊದಲು. ನೋವಿಲ್ಲ ಮಗಳೇ ಅಂದೆ. ಎಂಥ ಸುಳ್ಳು.

ಮೂರನೇ ದಿನ ತೀರ್ಪು. ಎರಡೂ ಕೇರಿಯವರು ಅಂಗಳದಲ್ಲಿ ತುಂಬಿದ್ದರು. ಕಲ್ಲು ಹೇಳುವವನು ಗಂಟಲು ಸರಿಮಾಡಿಕೊಂಡು ಕೇಳಿದ, "ಹೇಳಮ್ಮ, ಇದು ಬೆಂಕಿಯೋ ಪದರವೋ?"

"ಪದರವಾಗಿತ್ತು. ಈಗ ಬೆಂಕಿಯೂ ಅಲ್ಲ, ಪದರವೂ ಅಲ್ಲ. ಮೂರನೇದು" ಅಂದೆ.

ಜನ ಗೊಳ್ಳಂತ ನಕ್ಕರು. ಅವನು ನಗಲಿಲ್ಲ. "ಕಲ್ಲು ಎರಡೇ. ಮೂರನೇದು ಇಲ್ಲ. ಮೂರನೇದು ಇಲ್ಲ ಅಂದಮೇಲೆ ಈ ಕಲ್ಲೂ ಇಲ್ಲ. ಈ ಕಲ್ಲು ಇಲ್ಲ ಅಂದಮೇಲೆ ಇದನ್ನ ಹೊತ್ತ ಹನ್ನೆರಡು ವರ್ಷವೂ ಇಲ್ಲ. ಸರದಿ ಇನ್ನೂ ಇವಳದೇ. ಇವಳು ಒಲ್ಲೆ ಅಂದರೆ ಇವಳ ಹೊಟ್ಟೆಯಲ್ಲಿ ಹುಟ್ಟಿದವಳದು."

ಎಷ್ಟು ಚೆನ್ನಾಗಿ ಹೇಳಿದ ನೋಡು! ಕೇಳಿದರೆ ಎಲ್ಲವೂ ಸರಿ ಅನ್ನಿಸಬೇಕು ಹಾಗೆ. ಮಾವ ನನ್ನ ಮಗಳ ರಟ್ಟೆ ಹಿಡಿದರು. ನನ್ನ ಗಂಡ ಕಾಲಹೆಬ್ಬೆರಳು ನೋಡ್ತಾ ನಿಂತ. ಪಾಪದ ಮನುಷ್ಯ. ಪಾಪದವರಿಂದಲೇ ಈ ಊರು ನಡೀತಿರೋದು.

ನಾನು ತಲೆಯೆತ್ತಿ ಮನೆ ನೋಡಿದೆ. ಹನ್ನೊಂದು ಅಂತಸ್ತು. ಮೇಲಿನ ಮಾಳಿಗೆಯಲ್ಲಿ ಯಾರೋ ಸಂಡಿಗೆ ಒಣಹಾಕಿದ್ದರು, ಬಿಳಿ ಬಟ್ಟೆಯ ಅಂಚು ಗಾಳಿಗೆ ಆಡ್ತಿತ್ತು. ಒಂದು ಸಂಡಿಗೆಯೂ ಜಾರಿ ಬಿದ್ದಿರಲಿಲ್ಲ.

"ಮಾವ, ಮೂರು ದಿನದಿಂದ ಕೆಳಗೆ ಯಾರಿದ್ದಾರೆ?" ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದೆ. "ನಾನು ಇಲ್ಲಿ ಕೂತಿದ್ದೀನಿ. ಆ ಹುಡುಗಿ ಅಲ್ಲಿ ನಿಂತಿದ್ದಾಳೆ. ಕಲ್ಲು ನಿಮ್ಮ ಕಾಲ ಹತ್ತಿರ ಬಿದ್ದಿದೆ. ಮೂರು ದಿನ ಕಂಬ ಹಿಡಿದವರು ಯಾರು? ಮನೆ ಯಾಕೆ ಬೀಳಲಿಲ್ಲ?"

ಎಲ್ಲರ ಕತ್ತು ಮೇಲೆ ಹೋಯ್ತು. ಹನ್ನೊಂದು ಅಂತಸ್ತು ಸುಮ್ಮನೆ ನಿಂತಿತ್ತು. ಈಗ ಇವರಿಗೆ ಗೊತ್ತಾಯ್ತು, ಈಗ ಎಲ್ಲ ಮನೆಯ ಅಗುಳಿ ತೆಗೀತಾರೆ, ಹೊರೋ ಹೆಂಗಸರೆಲ್ಲ ಮೇಲೆ ಬರ್ತಾರೆ ಅಂದುಕೊಂಡೆ. ಅಷ್ಟು ದಡ್ಡಿ ನಾನು.

ಮಾವ ಚೀರಿದರು, "ಅಯ್ಯೋ ಶಿವನೇ, ಮೂರು ದಿನದಿಂದ ಕೆಳಗೆ ಯಾರೂ ಇಲ್ಲ! ಬೇಗ ಇಳೀರಿ ಯಾರಾದರೂ! ಬೇಗ!" ಅಂಗಳವೆಲ್ಲ ಹುಚ್ಚೆದ್ದು ಹೋಯ್ತು. ಹೆಂಗಸರು ಮಕ್ಕಳನ್ನ ಎತ್ತಿಕೊಂಡು ಓಡಿದರು. ಗೋಡೆಗೆ ಗಂಡಸರು ಹೆಗಲು ಕೊಟ್ಟು ನಿಂತರು. ಮೂರು ದಿನ ತಾನಾಗೇ ನಿಂತ ಮನೆ, ಯಾರೂ ಹಿಡಿದಿಲ್ಲ ಅಂತ ಗೊತ್ತಾದ ಗಳಿಗೆಯಲ್ಲೇ ಅವರ ಕಣ್ಣಿಗೆ ವಾಲತೊಡಗಿತು. ಮಾವ ಮಗಳನ್ನ ಮೆಟ್ಟಿಲ ಕಡೆ ದರದರ ಎಳೆದರು. ಅವಳು "ಅವ್ವಾ" ಅಂತ ಕೂಗಿದಳು.

ನಾನು ಗೆರೆ ದಾಟಿ ಓಡಿದೆ. "ಬಿಡಿ ಅವಳನ್ನ. ನಾನು ಇಳೀತೀನಿ. ಆದರೆ ಮಾತು ಕೊಡಿ, ಇನ್ನೆಂದೂ ಇವಳನ್ನ ಈ ಕೆಳಕೋಣೆಗೆ ಕಳಿಸಲ್ಲ ಅಂತ."

ಮಾವ ಎಲ್ಲರೆದುರು ಮಗಳ ತಲೆ ಮುಟ್ಟಿ ಆಣೆ ಇಟ್ಟರು. "ಈ ಮನೆಯ ಕೆಳಕೋಣೆಗೆ ಇವಳನ್ನ ಎಂದೂ ಕಳಿಸಲ್ಲ." ನಾನು ಆ ಇಲ್ಲದ ಕಲ್ಲನ್ನ ಎತ್ತಿಕೊಂಡು ಇಳಿದೆ. ಅಗುಳಿ ಬಿತ್ತು.

ಈಗ ಹೇಳೋದು ನನಗೆ ನಾಚಿಕೆಯ ಮಾತು, ಆದರೂ ಹೇಳ್ತೀನಿ. ಇಳಿದವಳೇ ಏನು ಮಾಡಿದೆ ಗೊತ್ತಾ? ಕಲ್ಲನ್ನ ಕಂಬಕ್ಕೆ ಆನಿಸಿ ಎರಡೂ ಅಂಗೈ ಒತ್ತಿ ಕೂತುಬಿಟ್ಟೆ! ಊರಿಗೆಲ್ಲ ಬುದ್ಧಿ ಹೇಳಿ ಬಂದವಳು. ಮನೆ ತಾನಾಗಿ ನಿಲ್ಲುತ್ತೆ ಅಂತ ಕಣ್ಣಾರೆ ಕಂಡವಳು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತೆಗೀಬೇಕು ಅಂದುಕೊಂಡಷ್ಟೂ ಇನ್ನೂ ಗಟ್ಟಿಯಾಗಿ ಒತ್ತಿದೆ. ಮೇಲೆ ಮಗಳು ಮಲಗಿರ್ತಾಳೆ, ಅವಳ ಮೇಲೆ ಬಿದ್ದರೆ? ಅಗುಳಿಗಿಂತ ಗಟ್ಟಿಯಾದ್ದು ಅದೇ ಕಣೇ, ಆ ಭಯ. ಒಂದು ತಿಂಗಳಿಗೆ ಒಂದು ಕಿರುಬೆರಳು ಎತ್ತಿದೆ. ಏನೂ ಬೀಳಲಿಲ್ಲ. ಮುಂದಿನ ತಿಂಗಳು ಇನ್ನೊಂದು ಬೆರಳು. ಹತ್ತು ತಿಂಗಳು ಹಿಡೀತು ಹತ್ತು ಬೆರಳಿಗೆ. ಕೊನೆಯ ಹೆಬ್ಬೆರಳು ತೆಗೆದ ದಿನ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದೆ. ಮೇಲಿಂದ ಬುಟ್ಟಿ ಬಂತು. "ಹೊತ್ತಿದ್ದೀಯಾ?" ಅಂದ ನನ್ನ ಗಂಡ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು "ಹೊತ್ತಿದ್ದೀನಿ" ಅಂದೆ. ಬಿದ್ದು ಬಿದ್ದು ನಕ್ಕೆ ಅವತ್ತು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ.

ಅದಾಗಿ ನಾಲ್ಕು ಪದರದ ದಿನ ಕಳೆದವು. ನಾಲ್ಕು ವರ್ಷದಿಂದ ಈ ಕಂಬವನ್ನ ಯಾರೂ ಹಿಡಿದಿಲ್ಲ. ಮನೆ ನಿಂತಿದೆ. ಆದರೆ ಬಾಗಿಲು ಒಬ್ಬಳಿಂದ ಆಗೋ ಕೆಲಸವಲ್ಲ, ಗುದ್ದಿ ನೋಡಿದ್ದೀನಿ. ಆ ಕಡೆ ಇದ್ದ ಹಳೇ ಹೊರುವವಳಿಗೂ ಇದನ್ನೇ ಹೇಳಿದೆ. ಅವಳು ಕೊನೇವರೆಗೂ ಕೈ ತೆಗೀಲಿಲ್ಲ, ಕೈ ಹಾಗೇ ಇಟ್ಟುಕೊಂಡು ಸತ್ತಳು. ಅದಕ್ಕೇ ನಿನ್ನನ್ನ ಇಷ್ಟು ಬೇಗ ಇಳಿಸಿದ್ದು.

ಈಗ ನೀನು ತೆಗಿ. ಹತ್ತು ತಿಂಗಳು ಕಾಯಬೇಡ. ನನ್ನ ಮಾತಿನ ಮೇಲೆ ತೆಗಿ. ಒಂದು ಕೈ ಮೊದಲು. ಹಾಂ. ಈಗ ಇನ್ನೊಂದು. ತೆಗೆದೆಯಾ? ಗೋಡೆ ಮೇಲೊಮ್ಮೆ ತಟ್ಟು, ಗೊತ್ತಾಗುತ್ತೆ.

ತಟ್ಟಿದೆ. ಎರಡೂ ಕೈಯಿಂದ ತಟ್ಟಿದೆ ನೀನು. ಭಲೇ ನನ್ನವ್ವ!

ಏನಂದೆ? ಬಾಯಿ ಬಿಡಬಾರದಲ್ಲ ನೀನು, ಇನ್ನೂ ಎರಡನೇ ದಿನ. ಇನ್ನೊಂದು ಸಲ ಹೇಳು, ಗೋಡೆಗೆ ಬಾಯಿ ಇಟ್ಟು ಹೇಳು.

ಅವ್ವ ಅಂತ ಯಾರನ್ನ ಕರೀತಿದ್ದೀಯ?

ಅಜ್ಜ ಮಾತು ತಪ್ಪಲಿಲ್ಲ ಅಂತೀಯಾ. ನಮ್ಮ ಮನೆಯ ಕೆಳಕೋಣೆಗೆ ನಿನ್ನನ್ನ ಕಳಿಸಲಿಲ್ಲ, ಪಕ್ಕದ ಮನೆಗೆ ಮದುವೆ ಮಾಡಿ ಕಳಿಸಿದ ಅಂತೀಯಾ. ಅರ್ಧ ರಕ್ತ ಬೆಂಕಿಕೇರಿಯದು, ಸಾಕು ಅಂದರಂತಾ. ತಾಳ್ತಾಳೆ ಅಂದರಂತಾ.

ನಿಲ್ಲು, ನನಗೆ ಉಸಿರು ಬರ್ತಿಲ್ಲ.

ಮಗಳೇ. ಅಳಬೇಡ. ಇಲ್ಲ, ಅಳು, ಅತ್ತುಕೋ, ನಾನೂ ಅಳ್ತೀನಿ. ಆದರೆ ಕೈಯನ್ನ ಮತ್ತೆ ಕಂಬಕ್ಕೆ ಇಡಬೇಡ. ನಮ್ಮಿಬ್ಬರ ನಡುವಿನ ಈ ಗೋಡೆ ಬರೀ ಗೋಡು, ಚಿಪ್ಪು, ಮರಳು. ಕೂರಿಸಿದ್ದು, ಅಷ್ಟೇ. ಕೂರಿಸಿದ್ದು ಏಳುತ್ತೆ. ಕೈಗೆ ಏನು ಸಿಗುತ್ತೋ ಅದನ್ನ ತಗೋ. ನನ್ನ ದನಿ ಎಲ್ಲಿಂದ ಬರ್ತಿದೆಯೋ ಅಲ್ಲಿಗೆ ಹೊಡಿ. ನಾನು ಈ ಕಡೆಯಿಂದ ಶುರು ಮಾಡಿದ್ದೀನಿ, ಕೇಳಿಸ್ತಾ?